ಸಂತೆಯ ಮೊದಲ ಒಂದು ಗಂಟೆ ದುಡ್ಡಿಲ್ಲದೆ ನಡೆಸಿದರೆ ಹೇಗೆ?

ಹಸಿರು ಸ್ಲೇಟು (ಪಾಂಡವಪುರ ಕಡೆ)

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿ ಶಾಲೆಯ ಟೀಚರ್. ಮೂರರಿಂದ ಐದನೇ ಕ್ಲಾಸಿನವರೆಗೆ ಒಟ್ಟು 31 ಮಕ್ಕಳು. ವರ್ಷಕ್ಕೊಂದು ಸಲ ಮಕ್ಕಳ ಸಂತೆ ಮಾಡುತ್ತೇವೆ. ಹೋದ ವರ್ಷದ್ದು ಫೋಟೋದಲ್ಲಿ ಬಹಳ ಚೆನ್ನಾಗಿ ಬಂದಿತ್ತು. ಮನೆಯವರು ಕೊಟ್ಟು ಕಳಿಸಿದ ಸೊಪ್ಪು ತರಕಾರಿಯನ್ನು ಮಕ್ಕಳು ಮಾರಿದರು. ಮನೆಯವರೇ ಬಂದು ಕೊಂಡುಕೊಂಡು ಹೋದರು. ಅಂದರೆ ಅವರ ಬದನೆಕಾಯಿ ಅವರ ಮನೆಗೇ ವಾಪಸ್. ಮಧ್ಯೆ ಒಂದಿಷ್ಟು ಚಿಲ್ಲರೆ ಓಡಾಡಿತು, ಅಷ್ಟೇ.

ಮಾರನೇ ದಿನ ಕ್ಲಾಸಿನಲ್ಲಿ ಕೇಳಿದೆ. "ಹಿಂದೆ ವಸ್ತು ವಿನಿಮಯ ಇತ್ತು ಅಂತ ಓದಿದೆವಲ್ಲ, ಅದನ್ನು ಯಾಕೆ ಬಿಟ್ಟರು?" ನಾಲ್ಕನೇ ಕ್ಲಾಸಿನ ಹುಡುಗಿ ತಟ್ಟನೆ ಹೇಳಿದಳು: "ಆಗ ಎಲ್ಲಾ ಬಡವ್ರು ಮಿಸ್. ದುಡ್ಡಿರ್ಲಿಲ್ಲ. ಈಗ ದುಡ್ಡು ಬಂತು." ಉಳಿದವರೂ ಹೌದು ಹೌದು ಅಂದರು. ಪರೀಕ್ಷೆಯಲ್ಲಿ ಇವರಿಗೆಲ್ಲ ಪೂರ್ತಿ ಅಂಕ ಬಂದಿದೆ. ಕೊಟ್ಟವಳೂ ನಾನೇ.

ಅದಕ್ಕೆ ಈ ಸಲ ಸಂತೆಯ ಮೊದಲ ಒಂದು ಗಂಟೆ ದುಡ್ಡು ಬೇಡ, ಬರೀ ಅದಲು ಬದಲು, ಆಮೇಲೆ ದುಡ್ಡು ಅಂದುಕೊಂಡಿದ್ದೇನೆ. ಹೋದ ವಾರ ಕ್ಲಾಸಿನಲ್ಲೇ ಸುಮ್ನೆ ನೋಡೋಣ ಅಂತ ಮಾಡಿದೆ. ಮನೆಯಿಂದ ಒಂದೊಂದು ವಸ್ತು ತನ್ನಿ, ಬದಲಾಯಿಸಿಕೊಳ್ಳಿ ಅಂದೆ. ಹತ್ತು ನಿಮಿಷದಲ್ಲಿ ಮುಗಿದೇ ಹೋಯಿತು! ಒಬ್ಬಳು ಹೊಸ ಜಾಮಿಟ್ರಿ ಬಾಕ್ಸ್ ಕೊಟ್ಟು ನಾಲ್ಕು ನೆಲ್ಲಿಕಾಯಿ ತೆಗೆದುಕೊಂಡಳು. ಅವಳಿಗೆ ಖುಷಿ. ಸಿಟ್ಟು ಬಂದದ್ದು ಅವಳ ಅಮ್ಮನಿಗೆ. ಮಾರನೇ ಬೆಳಗ್ಗೆ ಪ್ರಾರ್ಥನೆಗೆ ಮುಂಚೆಯೇ ಗೇಟಿನ ಹತ್ತಿರ ನಿಂತಿದ್ದರು. ನೆಲ್ಲಿಕಾಯಿ ಹುಡುಗನ ಮನೆಗೆ ಹೋಗಿ ಬಾಕ್ಸ್ ಇಸಿದುಕೊಂಡು ಬಂದೆ. ನೆಲ್ಲಿಕಾಯಿ ಹೊಟ್ಟೆ ಸೇರಿ ಆಗಿತ್ತು, ವಾಪಸ್ ಕೊಡಲು ಏನೂ ಇರಲಿಲ್ಲ. ಅವನಿಗೆ ಮೋಸವಾಯಿತು ಅಂತ ಅವನು ಅತ್ತ.

ನಿಮ್ಮಲ್ಲಿ ಯಾರಾದರೂ ಇದನ್ನು ಮಕ್ಕಳಿಗೆ ಮಾಡಿ ತೋರಿಸಿದ್ದೀರಾ? ಎಲ್ಲಿ ಎಡವಿದೆ ಹೇಳಿ.

ಆಲೆಮನೆ ಹುಡುಗ (ಮಂಡ್ಯ)

ಮೇಡಂ, ಜಾಮಿಟ್ರಿ ಬಾಕ್ಸ್ ಹುಡುಗಿ ತಪ್ಪೇನೂ ಮಾಡಿಲ್ಲ. ಆ ಹೊತ್ತಿಗೆ ಅವಳಿಗೆ ಬೇಕಿದ್ದದ್ದು ನೆಲ್ಲಿಕಾಯಿ. ಇಬ್ಬರೂ ಒಪ್ಪಿದರು, ವ್ಯಾಪಾರ ಮುಗಿಯಿತು. ಅದನ್ನು ಮುರಿದವರು ನೀವು ದೊಡ್ಡವರು.

ನಿಮ್ಮ ಆಟದ ತೊಂದರೆ ಬೇರೆ. ಹತ್ತು ನಿಮಿಷದಲ್ಲಿ ಮುಗಿಯಬಾರದಿತ್ತು. ಮಕ್ಕಳು ಅವರವರಿಗೆ ಇಷ್ಟವಾದ ತಿಂಡಿ ಆಟಿಕೆ ತಂದರೆ ಎಲ್ಲರಿಗೂ ಎಲ್ಲವೂ ಬೇಕು. ಆಗ ಅದಲು ಬದಲು ಸಲೀಸು. ಸಲೀಸಾಗಿ ನಡೆದರೆ ದುಡ್ಡು ಯಾಕೆ ಬೇಕು ಅಂತ ಯಾರಿಗೆ ತೋಚುತ್ತದೆ? ಆಟ ಸಿಕ್ಕಾಗಬೇಕು.

ಹೀಗೆ ಮಾಡಿ. ಪ್ರತಿ ಮಗುವಿಗೆ ಎರಡು ಚೀಟಿ. ಒಂದರಲ್ಲಿ "ನನ್ನ ಹತ್ತಿರ ಇರುವುದು", ಇನ್ನೊಂದರಲ್ಲಿ "ನನಗೆ ಬೇಕಾದ್ದು". ರಾಗಿ ಇರುವವನಿಗೆ ಉಪ್ಪು ಬೇಕು. ಉಪ್ಪು ಇರುವವಳಿಗೆ ಮಡಕೆ ಬೇಕು. ಮಡಕೆಯವನಿಗೆ ರಾಗಿ ಬೇಕು. ಯಾವ ಇಬ್ಬರು ಎದುರಾದರೂ ವ್ಯಾಪಾರ ಆಗುವುದಿಲ್ಲ. ಮೂವರೂ ಒಟ್ಟಿಗೆ ಸೇರಿದರೆ ಮಾತ್ರ ಆಗುತ್ತದೆ. ಸೇರಲಿಕ್ಕೆ ಮಕ್ಕಳು ರೂಮಿನ ತುಂಬ ಕೂಗಾಡಬೇಕು, ಓಡಾಡಬೇಕು. ನೀವು ಸುಮ್ಮನೆ ನಿಂತು ನೋಡಿ, ಕೈ ಹಾಕಬೇಡಿ. ನನ್ನ ತಂಗಿಯ ಮಕ್ಕಳ ಜೊತೆ ಬೇಸಿಗೆ ರಜೆಯಲ್ಲಿ ಆಡಿದ್ದೆ. ಕಾಲು ಗಂಟೆ ಆದಮೇಲೆ ಒಬ್ಬ ಹೇಳಿದ, "ಮಾವ, ಸುಮ್ನೆ ಎಲ್ರೂ ಏನಾದ್ರೂ ಒಂದನ್ನೇ ಇಸ್ಕೊಳ್ಳೋ ಹಂಗಿದ್ರೆ ಸಲೀಸು." ಅವನಿಗೆ ಎಂಟು ವರ್ಷ.

ಗೊಂಬೆಮನೆ (ಮೈಸೂರು)

ನಮ್ಮನೆಯಲ್ಲಿ ಇದು ದಸರಾ ಗೊಂಬೆಯಿಂದ ಶುರುವಾಯಿತು. ಪಟ್ಟದ ಗೊಂಬೆ ಕೂರಿಸಿ, ಕೆಳಗಿನ ಸಾಲಿನಲ್ಲಿ ಶೆಟ್ಟರ ಅಂಗಡಿ ಇಟ್ಟಿದ್ದೆ. ಗೊತ್ತಲ್ಲ, ದಪ್ಪ ಹೊಟ್ಟೆ ಶೆಟ್ಟರು, ಮುಂದೆ ಪುಟ್ಟ ಪುಟ್ಟ ರಾಶಿ. ಅಕ್ಕಿ, ಬೇಳೆ, ಬೆಲ್ಲ, ಅರಿಶಿನದ ಕೊಂಬು. ಆರು ವರ್ಷದ ಮಗ ಕೇಳಿದ: "ಅಮ್ಮಾ, ಇವ್ರ ಹತ್ರ ಸ್ಕ್ಯಾನರ್ ಇಲ್ವಾ?"

ಅವನ ಲೆಕ್ಕದಲ್ಲಿ ಅಂಗಡಿಗೆ ಹೋಗುವುದು, ಫೋನ್ ತೋರಿಸುವುದು, ಡಬ್ಬಿಯೊಂದು "ಸ್ವೀಕರಿಸಲಾಗಿದೆ" ಅನ್ನುವುದು, ಸಾಮಾನು ತರುವುದು. ಏನೂ ಕೊಟ್ಟಂತೆಯೇ ಇಲ್ಲ. ಫೋನಿನಲ್ಲಿ ಏನೋ ಕಡಿಮೆಯಾಯಿತು ಅಂತ ಅವನಿಗೆ ಗೊತ್ತೇ ಇಲ್ಲ.

ಅದಕ್ಕೆ ಶೆಟ್ಟರ ಅಂಗಡಿಯಲ್ಲೇ ಆಟ ಶುರು ಮಾಡಿದೆವು. ಮೊದಲ ದಿನ ಅದಲು ಬದಲು. ಅವನ ಕಾರು ಕೊಟ್ಟರೆ ಶೆಟ್ಟರು ಬೆಲ್ಲ ಕೊಡುತ್ತಾರೆ. ಶೆಟ್ಟರ ಪರವಾಗಿ ಮಾತಾಡುವುದು ಹತ್ತು ವರ್ಷದ ಮಗಳು, ಬಹಳ ಖಡಕ್ಕು. "ನನಗೆ ಕಾರು ಬೇಡ, ಈಗಾಗಲೇ ಎರಡಿದೆ" ಅಂದುಬಿಟ್ಟಳು. ಇವನಿಗೆ ಬೇರೆ ದಾರಿ ಇರಲಿಲ್ಲ. ಎರಡನೇ ದಿನ ತಲೆಗೆ 20 ಹುಣಸೆಬೀಜ ಕೊಟ್ಟೆ. ಶೆಟ್ಟರು ಏನೇ ಆದರೂ ಬೀಜ ಬೇಡ ಅನ್ನುವ ಹಾಗಿಲ್ಲ, ಅದು ರೂಲು. ಆಟ ಓಡಿತು.

ಮೂರನೇ ದಿನ ತಮಾಷೆ ಆಯಿತು. ಇವನು ಅಡುಗೆಮನೆಗೆ ನುಗ್ಗಿ, ಹುಣಸೆಹಣ್ಣಿನ ಡಬ್ಬಿ ಸೋಸಿ, ಒಂದು ಬೊಗಸೆ ಬೀಜ ತಂದ. "ನಾನೀಗ ಸಾಹುಕಾರ" ಅಂದ. ಮಗಳು ಒಂದು ಕ್ಷಣ ನೋಡಿದಳು. "ಸರಿ, ಬೆಲ್ಲ ಈಗ ಐವತ್ತು ಬೀಜ." ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ!

ನೋಟಿನ ಊರು (ಮೈಸೂರು)

ಗೊಂಬೆಮನೆ ಅಕ್ಕ, ನಿಮ್ಮ ಮಗಳನ್ನು ರಿಸರ್ವ್ ಬ್ಯಾಂಕಿಗೆ ಕಳಿಸಿ.

ನಮ್ಮ ಮೈಸೂರಿನ ಮಕ್ಕಳಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ನೋಟು ಅಚ್ಚು ಹಾಕುವ ಪ್ರೆಸ್ಸು ಇಲ್ಲೇ ಇದೆ. ನೋಟಿನ ಕಾಗದದ ಕಾರ್ಖಾನೆಯೂ ಇಲ್ಲೇ ಇದೆ. ನನ್ನ ಮಗ ಕೇಳಿದ್ದ, "ನಮ್ಮೂರಲ್ಲೇ ಪ್ರಿಂಟ್ ಆಗೋದಾದ್ರೆ ಎಲ್ಲರಿಗೂ ಒಂದೊಂದು ಕಟ್ಟು ಕೊಡಬಹುದಲ್ವಾ?" ನಾನು ಏನೇನೋ ಹೇಳಿ ಒದ್ದಾಡಿದೆ. ಹುಣಸೆಬೀಜ ಆಗ ಹೊಳೆದಿದ್ದರೆ ಎಷ್ಟು ಸುಲಭವಾಗುತ್ತಿತ್ತು.

ಮೇಡಂ, ನಿಮಗೊಂದು ಚಿಕ್ಕ ಸಲಹೆ. ಮಕ್ಕಳ ಕೈಗೆ 50 ರೂಪಾಯಿಯ ಹೊಸ ನೋಟು ಕೊಟ್ಟು ಹುಡುಕಲು ಹೇಳಿ. ಹಿಂದೆ ಹಂಪಿಯ ಕಲ್ಲಿನ ರಥ ಇದೆ. ಭಾಷೆಗಳ ಪಟ್ಟಿಯಲ್ಲಿ ನಾಲ್ಕನೇ ಸಾಲು ಕನ್ನಡ. ಆಮೇಲೆ ಮುಂಭಾಗದಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ. ಅದರ ಜೊತೆ ಇರುವುದು ಒಂದು ಮಾತು: ಇದನ್ನು ಹಿಡಿದವನಿಗೆ ಇಷ್ಟು ಕೊಡುತ್ತೇನೆ ಅಂತ. ರಾಗಿ ಬದಲಾಯಿಸುವಾಗ ರಾಗಿಯನ್ನು ನಂಬಿದರೆ ಸಾಕು, ಇಲ್ಲಿ ಮಾತನ್ನು ನಂಬಬೇಕು. ಐದನೇ ಕ್ಲಾಸಿನ ಮಕ್ಕಳಿಗೆ ಇಷ್ಟು ಅರ್ಥವಾಗುತ್ತದೆ. ಮೂರನೆಯವರಿಗೆ ರಥ ಸಾಕು.

ಇಎಂಐ ಗಿರಾಕಿ (ಮೈಸೂರು)

ಎಲ್ಲರೂ ಕ್ಷಮಿಸಿ, ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ. ಮಕ್ಕಳಿಗೆ ರಾಗಿ ಕೊಟ್ಟು ಉಪ್ಪು ತರುವುದನ್ನು ಕಲಿಸಿ ಏನು ಉಪಯೋಗ? ನಾಳೆ ಅವರು ಎದುರಿಸುವುದು ಸಾಲ, ಬಡ್ಡಿ, ಓಟಿಪಿ ಕೇಳುವ ಕಳ್ಳರು. ಅದನ್ನು ಹೇಳಿಕೊಡಿ. ನನಗೆ ಶಾಲೆಯಲ್ಲಿ ವಸ್ತು ವಿನಿಮಯದ ಬಗ್ಗೆ ಎರಡು ಅಂಕದ ಪ್ರಶ್ನೆ ಬಂದಿತ್ತು, ಬರೆದೆ. ಕ್ರೆಡಿಟ್ ಕಾರ್ಡ್ ಬಡ್ಡಿ ಹೇಗೆ ಬೆಳೆಯುತ್ತದೆ ಅಂತ ಯಾರೂ ಕೇಳಲಿಲ್ಲ. ಅದನ್ನು 28ನೇ ವಯಸ್ಸಿನಲ್ಲಿ ಕೈ ಸುಟ್ಟುಕೊಂಡು ಕಲಿತೆ.

ಗೊಂಬೆಮನೆ (ಮೈಸೂರು)

ಸಾರ್, ಫೋನ್ ತೋರಿಸಿದರೆ ಸಾಮಾನು ಬರುತ್ತದೆ ಅಂದುಕೊಂಡ ಮಗು ದೊಡ್ಡದಾಗಿ ಕಾರ್ಡ್ ತೋರಿಸಿದರೆ ಸಾಮಾನು ಬರುತ್ತದೆ ಅಂದುಕೊಳ್ಳುತ್ತದೆ. ನಿಮ್ಮ ಕೈ ಸುಟ್ಟಿದ್ದೂ ಅಲ್ಲೇ ಅಲ್ವಾ? ಒಂದು ಬರಬೇಕಾದರೆ ಇನ್ನೊಂದು ಹೋಗಬೇಕು ಅನ್ನುವುದು ಅದಲು ಬದಲಿನಲ್ಲಿ ಕಣ್ಣಿಗೆ ಕಾಣುತ್ತದೆ.

ಇಎಂಐ ಗಿರಾಕಿ (ಮೈಸೂರು)

ಸರಿ, ಅದನ್ನು ಒಪ್ಪಿದೆ. ಬಡ್ಡಿ ಪಾಠ ಮಾತ್ರ ಬಿಡಬೇಡಿ.

ಪಾವು ಸೇರು (ನಾಗಮಂಗಲ)

ನನಗೆ ಎಪ್ಪತ್ತು ದಾಟಿದೆ. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಮೇಡಮ್ಮನವರೇ, ನಿಮ್ಮ ಪುಸ್ತಕದಲ್ಲಿ ಬರುವ ಚಿತ್ರ ನೋಡಿದ್ದೇನೆ. ಒಬ್ಬ ಹಸು ಹಿಡಿದು ನಿಂತಿರುತ್ತಾನೆ, ಇನ್ನೊಬ್ಬ ಮೂಟೆ ಹೊತ್ತು ನಿಂತಿರುತ್ತಾನೆ. ನಮ್ಮೂರಿನಲ್ಲಿ ಹಾಗೆ ನಿಂತಲ್ಲೇ ಬದಲಾಯಿಸಿಕೊಂಡದ್ದು ಬಹಳ ಕಡಿಮೆ.

ಹಾಗೆ ನಡೆಯುತ್ತಿದ್ದದ್ದು ಹೊರಗಿನಿಂದ ಬರುವವರ ಜೊತೆ. ಉಪ್ಪಿನವರು ಬಂದರೆ ರಾಗಿ ಅಳೆದು ಉಪ್ಪು. ಮಡಕೆಯವರು ಬಂದರೆ ಕೆಲವು ಕಡೆ ಮಡಕೆ ತುಂಬ ಕಾಳು ಹಾಕಿ ಕೊಡುತ್ತಿದ್ದರು. ಬಳೆಯವರಿಗೂ ಕಾಳೇ. ಅವರನ್ನು ನಾವು ಮತ್ತೆ ನೋಡುತ್ತೇವೋ ಇಲ್ಲವೋ, ಅದಕ್ಕೆ ಅಲ್ಲಲ್ಲೇ ಲೆಕ್ಕ ಚುಕ್ತಾ.

ಊರೊಳಗಿನ ಲೆಕ್ಕ ಬೇರೆ. ಕಮ್ಮಾರರು, ಬಡಗಿಗಳು, ಅಗಸರು, ಕ್ಷೌರ ಮಾಡುವವರು ವರ್ಷವಿಡೀ ಕೆಲಸ ಮಾಡುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳು ತೆಗೆದುಕೊಂಡು ಹೋಗುತ್ತಿದ್ದರು. ಅದಕ್ಕೆ ಆಯ ಅಂತಲೋ ಹಡದೆ ಅಂತಲೋ ಅನ್ನುತ್ತಿದ್ದರು. ನೇಗಿಲಿನ ಕುಳ ತಟ್ಟಿಸಿಕೊಂಡದ್ದು ಆಷಾಢದಲ್ಲಿ, ಕಾಳು ಅಳೆದದ್ದು ಪುಷ್ಯದಲ್ಲಿ. ನಾಟಿ, ಕಳೆಗೆ ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನಮ್ಮ ಗದ್ದೆಗೆ ನೀವು. ಪಕ್ಕದ ಮನೆಯಿಂದ ಒಂದು ಪಾವು ಸಕ್ಕರೆ ಕಡ ತಂದರೆ ಒಂದು ಪಾವು ಸಕ್ಕರೆಯೇ ವಾಪಸ್. ಹೆಪ್ಪಿಗೆ ಮಜ್ಜಿಗೆ ತಂದರೆ ವಾಪಸ್ಸೇ ಇಲ್ಲ.

ಇವೆಲ್ಲವನ್ನೂ ಮಕ್ಕಳು "ವಸ್ತು ವಿನಿಮಯ" ಅಂತ ಒಂದೇ ಗೂಡೆಗೆ ತುಂಬುತ್ತಾರೆ. ಸಂಕ್ರಾಂತಿಯಲ್ಲಿ ಎಳ್ಳು ಬೀರಿದಾಗ ಅವರ ಮನೆಯ ತಟ್ಟೆ ನಮ್ಮ ಮನೆಗೂ, ನಮ್ಮ ತಟ್ಟೆ ಅವರ ಮನೆಗೂ ಬರುತ್ತದೆ. ಎರಡರಲ್ಲೂ ಅದೇ ಎಳ್ಳು, ಅದೇ ಬೆಲ್ಲ, ಅದೇ ಸಕ್ಕರೆ ಅಚ್ಚು. ಅದು ವ್ಯಾಪಾರವೇ? ಮಕ್ಕಳನ್ನೇ ಕೇಳಿ ನೋಡಿ.

ಬೇಸರದ ಮಾತಲ್ಲ, ಆದರೂ ಹೇಳುತ್ತೇನೆ. ದುಡ್ಡು ಬಂದ ಮೇಲೆ ಒಬ್ಬರಿಗೊಬ್ಬರು ಬೇಕು ಅನ್ನುವುದು ಕಡಿಮೆಯಾಯಿತು.

ಕಣದ ಅಂಚು (ಮಳವಳ್ಳಿ)

ದೊಡ್ಡವರು, ನಿಮ್ಮ ನೆನಪಿನ ಮೇಲೆ ಗೌರವ ಇದೆ. ಆದರೆ ಅದೇ ಕಣದ ಇನ್ನೊಂದು ಕಡೆ ನಿಂತವರ ಮೊಮ್ಮಗ ನಾನು. ಹಾಗಾಗಿ ಎರಡು ಮಾತು.

ನಮ್ಮ ತಾತ ವರ್ಷವೆಲ್ಲ ಊರಿನ ಕೆಲಸ ಮಾಡಿ ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಲ್ಲುತ್ತಿದ್ದರಂತೆ. ಒಳಗೆ ಕಾಲಿಡುವ ಹಾಗಿರಲಿಲ್ಲ. ಎಷ್ಟು ಮೊರ ಕೊಡಬೇಕು ಅಂತ ತೀರ್ಮಾನ ಮಾಡುವವರು ಕೊಡುವವರೇ. ಮಳೆ ಕೈಕೊಟ್ಟ ವರ್ಷ ಮೊದಲು ಕಡಿತವಾಗುವುದು ಇವರ ಪಾಲು. "ಈ ಸಲ ಸಾಲದು ಸ್ವಾಮಿ" ಅಂತ ಕೇಳಿದರೆ ಮುಂದಿನ ವರ್ಷ ಕರೆಯುವುದೇ ಇಲ್ಲ. ಕೊಟ್ಟದ್ದು ತೂತು ಬಿದ್ದ ಕಾಳಾದರೂ ತೆಗೆದುಕೊಂಡು ಬರಬೇಕು. ಆ ಕಾಳು ಬೇಡ, ಇನ್ನೊಂದು ಊರಿನಲ್ಲಿ ಕೆಲಸ ಮಾಡುತ್ತೇನೆ ಅನ್ನಲು ದಾರಿ ಇರಲಿಲ್ಲ.

ನಮ್ಮಪ್ಪ ಮೊದಲ ಸಲ ಕೂಲಿಯನ್ನು ನೋಟಿನಲ್ಲಿ ತಂದಾಗ ಅಜ್ಜಿ ಅದನ್ನು ದೇವರ ಮುಂದೆ ಇಟ್ಟರಂತೆ. ಸಾಹುಕಾರಿಕೆ ಬಂತು ಅಂತ ಅಲ್ಲ. ಆ ನೋಟು ಯಾರ ಅಂಗಡಿಗೆ ಬೇಕಾದರೂ ಹೋಗುತ್ತದೆ. ಅಂಗಡಿಯವನು ನೋಟು ನೋಡುತ್ತಾನೆ, ತಂದವನು ಯಾರ ಮಗ ಅಂತ ಕೇಳುವುದಿಲ್ಲ. ಪೂರ್ತಿ ಹಾಗೇ ಆಯಿತು ಅಂತ ನಾನು ಹೇಳುವುದಿಲ್ಲ, ಆದರೆ ಎಷ್ಟೋ ಆಯಿತು. ಹಿಂದೆ ಎಲ್ಲರೂ ಪ್ರೀತಿಯಿಂದ ಹಂಚಿಕೊಂಡು ಬದುಕುತ್ತಿದ್ದರು, ದುಡ್ಡು ಬಂದು ಹಾಳಾಯಿತು ಅನ್ನುವ ಕಥೆಯನ್ನು ಮಕ್ಕಳಿಗೆ ಹೇಳಬೇಡಿ ಮೇಡಂ. ನಿಮ್ಮ 31 ಮಕ್ಕಳಲ್ಲಿ ಕೆಲವರ ಮನೆಯಲ್ಲಿ ಬೇರೆ ಕಥೆ ಇರುತ್ತದೆ.

ಪಾವು ಸೇರು (ನಾಗಮಂಗಲ)

ಮಗಾ, ಓದಿದೆ. ಎರಡು ಸಲ ಓದಿಸಿಕೊಂಡೆ. ನಮ್ಮ ಕಣದಲ್ಲಿ ಅಳೆಯುತ್ತಿದ್ದದ್ದು ನಮ್ಮಪ್ಪ. ಅಂಚಿನಲ್ಲಿ ನಿಂತವರು ನನಗೆ ನೆನಪಿದ್ದಾರೆ. ನಾನು ಬರೆಯುವಾಗ ಅವರನ್ನು ಬಿಟ್ಟೆ. ನೀನು ಹೇಳಿದ್ದು ಸರಿ.

ಲೆಕ್ಕದ ಮೇಷ್ಟ್ರು (ಮೈಸೂರು)

ಮೇಲಿನ ಎರಡು ಪತ್ರ ಓದಿದ ಮೇಲೆ ನನ್ನ ಅರ್ಥಶಾಸ್ತ್ರ ಸಪ್ಪೆ ಅನ್ನಿಸಬಹುದು. ಆದರೂ ಬರೆಯುತ್ತೇನೆ, ಯಾಕೆಂದರೆ ಅಜ್ಜ ಹೇಳಿದ್ದಕ್ಕೆ ವಿದ್ವಾಂಸರ ಬೆಂಬಲವೂ ಇದೆ. ಮೊದಲು ಅದಲು ಬದಲು, ಆಮೇಲೆ ದುಡ್ಡು ಅನ್ನುವ ಕಥೆ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಕಾಲದಿಂದ, ಅಂದರೆ 1776ರಿಂದ ಪುಸ್ತಕಗಳಲ್ಲಿ ಓಡಾಡುತ್ತಿದೆ. 1985ರಲ್ಲಿ ಕ್ಯಾರೊಲಿನ್ ಹಂಫ್ರಿ ಎಂಬ ಮಾನವಶಾಸ್ತ್ರಜ್ಞೆ ಒಂದು ಲೇಖನದಲ್ಲಿ, ಬರೀ ಅದಲು ಬದಲಿನಿಂದಲೇ ಬದುಕಿದ ಸಮಾಜವನ್ನು ಯಾರೂ ಇದುವರೆಗೆ ದಾಖಲಿಸಿಲ್ಲ ಎಂದರು. ಊರೊಳಗೆ ಕಡ, ಮುಯ್ಯಿ, ಕೊಡುಗೆ. ಪರಊರಿನವರ ಜೊತೆ ಅದಲು ಬದಲು. ಅಜ್ಜ ಹೇಳಿದ್ದೂ ಅದೇ ಅಲ್ವಾ? ಹಾಗಾಗಿ ಬೋರ್ಡಿನ ಮೇಲೆ "ಹಿಂದೆ" ಮತ್ತು "ಈಗ" ಅಂತ ಎರಡು ಕಾಲಂ ಹಾಕಬೇಡಿ ಮೇಡಂ. ಅದಲು ಬದಲು, ದುಡ್ಡು ಎರಡೂ ಬಹಳ ಕಾಲದಿಂದ ಜೊತೆಗೇ ಇವೆ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ನಮ್ಮ ಬೀದಿಗೆ ಈಗಲೂ ಬರುತ್ತಾರೆ.

ಇನ್ನೊಂದು, ಲೆಕ್ಕದ ವಿಷಯ. ಸಿಕ್ಕು ಬರೀ "ಅವನಿಗೆ ಬೇಡ" ಅನ್ನುವುದರಲ್ಲಿಲ್ಲ, ದರದಲ್ಲೂ ಇದೆ. ಸಂತೆಯಲ್ಲಿ 10 ಬಗೆ ವಸ್ತು ಇದ್ದರೆ ಪ್ರತಿಯೊಂದಕ್ಕೂ ಉಳಿದ ಒಂಬತ್ತರ ಜೊತೆ ಒಂದೊಂದು ದರ ಬೇಕು. ಮೊಟ್ಟೆಗೆ ಎಷ್ಟು ನಿಂಬೆ, ನಿಂಬೆಗೆ ಎಷ್ಟು ಸೊಪ್ಪು, ಹೀಗೆ. ಒಟ್ಟು 45 ದರ. ನಿಮ್ಮ 31 ಮಕ್ಕಳು 31 ಬಗೆ ತಂದರೆ 465. ದುಡ್ಡು ಬಂದರೆ 31 ಬೆಲೆ ಸಾಕು. ಐದನೇ ಕ್ಲಾಸಿನವರಿಂದ ಆರು ವಸ್ತುವಿಗೆ ಲೆಕ್ಕ ಹಾಕಿಸಿ, 15 ಬರುತ್ತದೆ. ಅವರೇ ಗೆರೆ ಎಳೆದು ಎಣಿಸಲಿ.

ತಮಾಷೆಗೆ ಒಂದು. 1875ರಲ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ ಪ್ಯಾರಿಸ್ಸಿನ ಹಾಡುಗಾರ್ತಿಯೊಬ್ಬಳ ಕಥೆ ಹೇಳಿದ್ದ. ಪೆಸಿಫಿಕ್ ದ್ವೀಪವೊಂದರಲ್ಲಿ ಕಛೇರಿ ಕೊಟ್ಟಳಂತೆ. ಸಂಭಾವನೆಯಾಗಿ ಬಂದದ್ದು 3 ಹಂದಿ, 23 ಟರ್ಕಿ ಕೋಳಿ, 44 ಕೋಳಿ, 5000 ತೆಂಗಿನಕಾಯಿ, ಜೊತೆಗೆ ರಾಶಿ ಬಾಳೆಹಣ್ಣು, ನಿಂಬೆ, ಕಿತ್ತಳೆ. ಮನೆಗೆ ತೆಗೆದುಕೊಂಡು ಹೋಗುವ ಹಾಗಿಲ್ಲ. ಕೊನೆಗೆ ಹಣ್ಣನ್ನು ಹಂದಿ ಕೋಳಿಗಳಿಗೇ ತಿನ್ನಿಸಬೇಕಾಯಿತು. ಮಕ್ಕಳಿಗೆ ಹೇಳಿ, ನಗುತ್ತಾರೆ. ನಕ್ಕು ಆದಮೇಲೆ "ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಅಂತ ಕೇಳಿ.

ಚಿಲ್ಲರೆ ಇಲ್ಲ (ಮಂಡ್ಯ)

ನನ್ನ ಹೆಸರೇ ನನ್ನ ಕಥೆ. ಅಂಗಡಿಯಲ್ಲಿ ಎರಡು ರೂಪಾಯಿ ಚಿಲ್ಲರೆ ಬದಲಿಗೆ ಚಾಕೊಲೇಟ್ ಕೊಡುತ್ತಾರಲ್ಲ, ಅದು ಅದಲು ಬದಲೋ ದುಡ್ಡೋ? ನನ್ನ ಮಗಳು ಹಾಗೆ ಸಿಕ್ಕ ಎಂಟು ಚಾಕೊಲೇಟ್ ಕೂಡಿಟ್ಟು, ಅದೇ ಅಂಗಡಿಗೆ ಹೋಗಿ "16 ರೂಪಾಯಿ, ಒಂದು ಪೆನ್ ಕೊಡಿ" ಅಂದಳು. ಅಂಗಡಿಯವರು ತೆಗೆದುಕೊಳ್ಳಲಿಲ್ಲ. "ನೀವು ಕೊಟ್ಟಾಗ ದುಡ್ಡು, ನಾನು ಕೊಟ್ಟರೆ ಚಾಕೊಲೇಟಾ?" ಅಂತ ಕೇಳಿಕೊಂಡು ಬಂದಳು. ನನಗೆ ಇದಕ್ಕಿಂತ ಒಳ್ಳೆ ಪಾಠ ಹೇಳಲು ಬರುವುದಿಲ್ಲ.

ಬಸ್ಸಿನಲ್ಲಿ ಟಿಕೆಟ್ ಹಿಂದೆ ಚಿಲ್ಲರೆ ಬರೆದುಕೊಡುತ್ತಾರಲ್ಲ, ಅದನ್ನೂ ಸೇರಿಸಿ. ನೋಟಿನ ಊರಿನವರು ಹೇಳಿದ ಹಾಗೆ ಅದೂ ಒಂದು ಮಾತು. ಮದ್ದೂರು ಬರುವ ಹೊತ್ತಿಗೆ ಮರೆತರೆ ಹೋಯಿತು.

ಎರಡು ಹಸು (ಕೆ.ಆರ್. ಪೇಟೆ ಕಡೆ)

ನಮ್ಮ ಮಕ್ಕಳು ದಿನಾ ನೋಡುವುದು ಡೇರಿ. ಬೆಳಗ್ಗೆ ಹಾಲು ಹಾಕಿದ ಕೂಡಲೇ ಕೈಗೆ ಏನೂ ಬರುವುದಿಲ್ಲ. ಲೀಟರು, ಫ್ಯಾಟು ಬರೆದುಕೊಳ್ಳುತ್ತಾರೆ. ಬಟವಾಡೆ ದಿನ ಫೀಡ್ ಮೂಟೆ ದುಡ್ಡು ಮುರಿದುಕೊಂಡು ಉಳಿದದ್ದು ಖಾತೆಗೆ. ನನ್ನ ಮಗ ಹೇಳುವುದು, "ನಮ್ಮ ಹಸು ಹಾಲು ಕೊಟ್ಟು ಬೂಸಾ ತಗೊಳ್ಳುತ್ತೆ, ನಮಗೆ ಕಮಿಷನ್." ನಿಮ್ಮ ಮಕ್ಕಳ ಮನೆಯಲ್ಲೂ ಹಸು ಇರುತ್ತದೆ. ಆ ಪುಸ್ತಕ ತರಿಸಿ.

ಟಂಕಸಾಲೆ (ಶ್ರೀರಂಗಪಟ್ಟಣ)

ಪಾಂಡವಪುರದಿಂದ ನಮ್ಮೂರು ಎಷ್ಟು ದೂರ? ಕರೆದುಕೊಂಡು ಬನ್ನಿ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಇಲ್ಲೇ ಟಂಕಸಾಲೆ, ಅಂದರೆ ನಾಣ್ಯ ಅಚ್ಚು ಹಾಕುವ ಜಾಗ, ಹಾಕಿಸಿದ್ದು. ಕಂಠೀರಾಯಿ ಹಣ ಅಂತ ಬೇಳೆಯಷ್ಟು ಪುಟ್ಟ ಚಿನ್ನದ ನಾಣ್ಯ. ಮೇಲೆ ನರಸಿಂಹ ದೇವರು. ಟಿಪ್ಪು ಕಾಲದ ತಾಮ್ರದ ಕಾಸಿನ ಮೇಲೆ ಆನೆ. ಮಕ್ಕಳಿಗೆ ಇಷ್ಟು ಹೇಳಿ ಸಾಕು: ನಾವು ಇವತ್ತು "ಹಣ" ಅನ್ನುತ್ತೇವಲ್ಲ, ಅದು ಒಂದು ಕಾಲಕ್ಕೆ ಇಂಥದೇ ಒಂದು ನಾಣ್ಯದ ಹೆಸರು. ದುಡ್ಡು ಅನ್ನುವುದೂ ತಾಮ್ರದ ನಾಣ್ಯವೇ. "ಕವಡೆ ಕಾಸಿನ ಕಿಮ್ಮತ್ತಿಲ್ಲ" ಅಂತ ಬೈಯುವಾಗ ಎರಡು ಬಗೆ ದುಡ್ಡಿನ ಹೆಸರು ಹೇಳುತ್ತಿದ್ದೇವೆ. ಮಾಲ್ಡೀವ್ಸಿನ ಕವಡೆ ಬಂಗಾಳದಲ್ಲಿ 19ನೇ ಶತಮಾನದ ಆರಂಭದವರೆಗೂ ಚಲಾವಣೆಯಲ್ಲಿತ್ತು.

ಹಸಿರು ಸ್ಲೇಟು (ಪಾಂಡವಪುರ ಕಡೆ)

ಸಂತೆ ಶನಿವಾರ ಮುಗಿಯಿತು. ಎಲ್ಲರೂ ಕೇಳುತ್ತಿದ್ದೀರಿ, ಬರೆಯಲು ಈಗ ಬಿಡುವಾಯಿತು.

ಚೀಟಿ ಆಟವನ್ನು ಮೂರು ದಿನ ಮೊದಲೇ ಆಡಿಸಿದೆ. ದೊಡ್ಡವರಿಗೆ ಒಂದು ಗಂಟೆ ಒಳಗೆ ಪ್ರವೇಶ ಇಲ್ಲ ಅಂತ ಗೇಟು ಹಾಕಿದೆವು. ಜಾಮಿಟ್ರಿ ಬಾಕ್ಸ್ ಅಮ್ಮನನ್ನೇ ಗೇಟು ಕಾಯಲು ನಿಲ್ಲಿಸಿದೆ. ಇದು ನನ್ನ ಬುದ್ಧಿವಂತಿಕೆ ಅಂತ ಹೆಮ್ಮೆಪಡುತ್ತೇನೆ.

ಮೊದಲ ಅರ್ಧ ಗಂಟೆ ಗಲಾಟೆಯೋ ಗಲಾಟೆ. ಸೊಪ್ಪಿನವರು ಬೇಗ ಬೇಗ ಬದಲಾಯಿಸಿಕೊಂಡರು, ಬಾಡಿಹೋಗುತ್ತದೆ ಅಂತ ಹೆದರಿಕೆ. ಕಡಲೆಕಾಯಿ ತಂದವಳಿಗೆ ಆತುರವೇ ಇಲ್ಲ. "ನಂದು ಕೆಡಲ್ಲ, ನಾಳೆನೂ ಇರುತ್ತೆ" ಅಂತ ಕಾಲು ಚಾಚಿ ಕೂತಿದ್ದಳು. ಹೂವಿನ ಹುಡುಗಿ ಮೊಳ ಹಾಕುವಾಗ ಕೈ ಚಿಕ್ಕದು ಅಂತ ಜಗಳ. ಅವಳ ಮೊಳ ಬೇಡ, ಐದನೇ ಕ್ಲಾಸಿನವನ ಮೊಳ ಹಾಕಲಿ ಅಂತ ಒಬ್ಬಳ ಹಟ.

ನಿಜವಾದ ಸಿಕ್ಕು ಕುಂಬಳಕಾಯಿ. ಐದನೇ ಕ್ಲಾಸಿನ ಒಬ್ಬ ಒಂದೇ ಒಂದು ದೊಡ್ಡ ಸಿಹಿಗುಂಬಳ ತಂದಿದ್ದ. ಅವನಿಗೆ ಬೇಕಾದದ್ದು ಎರಡು ಮೊಟ್ಟೆ. ಎರಡು ಮೊಟ್ಟೆಗೆ ಇಡೀ ಕುಂಬಳಕಾಯಿ ಕೊಡಲು ಮನಸ್ಸಿಲ್ಲ. ಮೊಟ್ಟೆಯವಳಿಗೆ ಕುಂಬಳಕಾಯಿ ಬೇಡ, ಬೆಲ್ಲ ಬೇಕು. ಬೆಲ್ಲದ ಅಚ್ಚಿನವನಿಗೆ ಹೋಳು ಸಾಕು. ಹೋಳು ಮಾಡಿದರೆ ಉಳಿದದ್ದು ಹಾಳಾಗುತ್ತದೆ. ಅವನು ಕಾಯಿ ಹೊತ್ತುಕೊಂಡು ಮೂರು ಸುತ್ತು ಹಾಕಿದ. ನನಗೆ ಕೈ ಕಡಿಯುತ್ತಿತ್ತು, ಸಹಾಯ ಮಾಡೋಣ ಅಂತ. ಆಲೆಮನೆಯವರ ಮಾತು ನೆನಪಾಗಿ ಸುಮ್ಮನಿದ್ದೆ.

ಆಮೇಲೆ ನಾನು ಎಣಿಸದ ಒಂದು ಸಂಗತಿ ನಡೆಯಿತು. ಬೆಲ್ಲದ ಅಚ್ಚು ತಂದವರು ನಾಲ್ಕು ಜನ ಇದ್ದರು. ಎಲ್ಲವೂ ಒಂದೇ ಅಳತೆ. ಮಕ್ಕಳು ಬೆಲ್ಲ ಬೇಡದಿದ್ದರೂ ಬೆಲ್ಲ ಇಸಿದುಕೊಳ್ಳಲು ಶುರು ಮಾಡಿದರು. ನಿಂಬೆಯವನನ್ನು ಕೇಳಿದೆ, "ನಿನಗೆ ಬೆಲ್ಲ ಬೇಕಾ?" "ನಂಗ್ ಬೇಡ ಮಿಸ್, ಆದ್ರೆ ಎಲ್ರೂ ತಗೋತಾರಲ್ಲ." ಅಷ್ಟು ಹೊತ್ತಿಗೆ ಒಂದು ತೆಂಗಿನಕಾಯಿಗೆ ಮೂರು ಅಚ್ಚು, ಒಂದು ಕಟ್ಟು ಸೊಪ್ಪಿಗೆ ಒಂದು ಅಚ್ಚು ಅಂತ ದರವೂ ನಿಂತುಬಿಟ್ಟಿತ್ತು. ನಾನು ದುಡ್ಡು ಹೊರಗೆ ತೆಗೆಯುವ ಮೊದಲೇ ಅವರು ದುಡ್ಡು ಮಾಡಿಕೊಂಡಿದ್ದರು.

ತೊಂದರೆಯೂ ಆಯಿತು. ಮೂರನೇ ಕ್ಲಾಸಿನ ಒಬ್ಬ ತನ್ನ ಪಾಲಿನ ಎರಡು ಅಚ್ಚು ತಿಂದುಬಿಟ್ಟ. "ಮಿಸ್, ಇವ್ನು ದುಡ್ಡು ತಿಂದ!" ಅಂತ ಕೂಗು. ಇನ್ನೊಬ್ಬ ಒಂದು ಅಚ್ಚಿನ ಮೂಲೆ ಕಚ್ಚಿ, ಪೂರ್ತಿ ಅಂತ ಸಾಗಿಸಲು ನೋಡಿದ. ಅವನನ್ನು ಹಿಡಿದದ್ದು ಕಡಲೆಕಾಯಿಯವಳು. ಇರುವೆ ಬೇರೆ ಬಂದವು. ಆಗ ನಾನು ಒಂದೊಂದು ಮಗುವಿಗೆ 20 ರೂಪಾಯಿ ಚಿಲ್ಲರೆ ಹಂಚಿದೆ. ನಾಣ್ಯಕ್ಕೆ ಇರುವೆ ಮುತ್ತುವುದಿಲ್ಲ ಅಂತ ಯಾರಿಗೂ ಹೇಳಬೇಕಾಗಲಿಲ್ಲ.

ಹೋದ ವರ್ಷ "ಬಡವ್ರು" ಅಂದಿದ್ದ ಹುಡುಗಿ ಈಗ ಐದನೇ ಕ್ಲಾಸು. ಸೋಮವಾರ ಅದೇ ಪ್ರಶ್ನೆ ಮತ್ತೆ ಕೇಳಿದೆ. ಅವಳು ಉತ್ತರ ಕೊಡಲಿಲ್ಲ, ತಿರುಗಿ ಕೇಳಿದಳು: "ಬೆಲ್ಲ ಇಲ್ದಿದ್ರೆ ನಾವು ಯಾವುದನ್ನ ದುಡ್ಡು ಮಾಡ್ಕೋತಿದ್ವಿ ಮಿಸ್?" ಕ್ಲಾಸು ಪೂರ್ತಿ ಅದರಲ್ಲೇ ಹೋಯಿತು. ಕಡಲೆಕಾಯಿಗೆ ಒಂಬತ್ತು ಓಟು, ನಿಂಬೆಗೆ ನಾಲ್ಕು, ಗೋಲಿಗೆ ಉಳಿದದ್ದೆಲ್ಲ. ಮೊಟ್ಟೆಗೆ ಒಂದೂ ಇಲ್ಲ.

ಎಳ್ಳು ಬೀರುವ ಪ್ರಶ್ನೆಯನ್ನೂ ಕೇಳಿದೆ ಅಜ್ಜಾ. ಅರ್ಧ ಜನ ವ್ಯಾಪಾರ ಅಂದರು, ಅರ್ಧ ಜನ ಅಲ್ಲ ಅಂದರು. "ವ್ಯಾಪಾರ ಆಗಿದ್ರೆ ಅವ್ರು ಕೊಟ್ಟಿದ್ದು ಕಮ್ಮಿ ಅಂತ ನಮ್ಮಮ್ಮ ಬಾಗ್ಲಲ್ಲೇ ಹೇಳ್ತಿದ್ರು, ಒಳಗೆ ಬಂದು ಹೇಳಲ್ಲ" ಅಂತ ಒಬ್ಬ ಅಂದ. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರೂ ನಕ್ಕೆವು. ಕಣದ ಅಂಚಿನ ಮಾತು ಮಾತ್ರ ಇನ್ನೂ ಕ್ಲಾಸಿಗೆ ತಂದಿಲ್ಲ. ಹೇಗೆ ತರುವುದು ಅಂತ ನಿಮ್ಮ ಹತ್ತಿರ ಬೇರೆಯಾಗಿ ಕೇಳಬೇಕು ಸಾರ್.

ಕಣದ ಅಂಚು (ಮಳವಳ್ಳಿ)

ಕೇಳಿ ಮೇಡಂ. ಕರೆದರೆ ನಾನೇ ಬರುತ್ತೇನೆ. ತಾತನ ಮೊರ ನಮ್ಮನೆಯಲ್ಲಿ ಇನ್ನೂ ಇದೆ, ಅದನ್ನೂ ತರುತ್ತೇನೆ.

ಚಿಲ್ಲರೆ ಇಲ್ಲ (ಮಂಡ್ಯ)

ದುಡ್ಡು ತಿಂದವನಿಗೆ ಏನು ಶಿಕ್ಷೆ?

ಹಸಿರು ಸ್ಲೇಟು (ಪಾಂಡವಪುರ ಕಡೆ)

ಏನೂ ಇಲ್ಲ, ಅವನ ಬೆಲ್ಲ ಅವನು ತಿಂದ. ಆದರೆ ಆಮೇಲೆ ಕೊಳ್ಳಲು ಏನೂ ಉಳಿದಿರಲಿಲ್ಲ.

ಆಲೆಮನೆ ಹುಡುಗ (ಮಂಡ್ಯ)

ಮೇಡಂ, ಮುಖ್ಯವಾದದ್ದನ್ನೇ ಬಿಟ್ಟಿರಿ. ಕುಂಬಳಕಾಯಿ ಕೊನೆಗೆ ಎಲ್ಲಿ ಹೋಯಿತು?

ಹಸಿರು ಸ್ಲೇಟು (ಪಾಂಡವಪುರ ಕಡೆ)

ನಮ್ಮನೆಗೆ. 40 ರೂಪಾಯಿ ಕೊಡುತ್ತೇನೆ ಅಂದೆ, ಬೇಡವಂತೆ. ಬುಧವಾರ ಅದರದ್ದೇ ಹುಳಿ ಮಾಡಿ ಶಾಲೆಗೆ ತರಬೇಕಂತೆ, ಜೊತೆಗೆ ಎರಡು ಮೊಟ್ಟೆ, ಬೇಯಿಸಿದ್ದು.